ಹಲ್ಲೂ ಉಳಿಯಬೇಕು, ಡಿಸ್ಕೂ ಬಾಳಬೇಕು: ನಾಯಿಗೆ ಫ್ರಿಸ್ಬಿ ಆರಿಸುವ ನನ್ನ ರೀತಿ

ಸಂಜೆ ಪಡುಕೆರೆಯ ಕಡಲ ಬದಿಗೆ ನಾಯಿ ಕರೆದುಕೊಂಡು ಬರುವವರು ನನ್ನನ್ನು ಕಂಡರೆ ಹೆಚ್ಚಾಗಿ ಕೇಳುವುದು ಒಂದೇ ವಿಷಯ. "ಅಕ್ಕ, ತುಂಬ ದಿನ ಬಾಳುವ ಫ್ರಿಸ್ಬಿ ಯಾವುದು? ನಮ್ಮವನು ವಾರಕ್ಕೊಂದು ತುಂಡು ಮಾಡ್ತಾನೆ." ಬ್ರಾಂಡಿನ ಹೆಸರು ಹೇಳುವ ಮೊದಲು, ನಾಯಿಯ ತುಟಿ ಎತ್ತಿ ಹಲ್ಲು ತೋರಿಸಿ ಎನ್ನುತ್ತೇನೆ. ಎಷ್ಟೋ ಸಲ ಕೋರೆಹಲ್ಲಿನ ತುದಿ ಸವೆದು ಮೊಂಡಾಗಿರುತ್ತದೆ, ಒಸಡಿನ ಮೇಲೆ ಸಣ್ಣ ಗೀರುಗಳಿರುತ್ತವೆ. ಫ್ರಿಸ್ಬಿ ಎಂದರೆ ಗಾಳಿಯಲ್ಲಿ ಹಾರಿಸಿ ಎಸೆಯುವ ತಟ್ಟೆ, ಡಿಸ್ಕು ಎಂದರೂ ಅದೇ. ಅದು ಹೋದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ಹಾಲುಹಲ್ಲು ಉದುರಿದ ಮೇಲೆ ನಾಯಿಗೆ ಬರುವ 42 ಹಲ್ಲುಗಳು ಒಮ್ಮೆ ಹೋದರೆ ಹೋದವೇ. ಹಾಗಾಗಿ ಬಾಳಿಕೆಯ ಲೆಕ್ಕ ಹಾಕುವಾಗ ನಾನು ಮೊದಲು ಹಲ್ಲಿನದ್ದು ನೋಡುತ್ತೇನೆ, ಆಮೇಲೆ ಡಿಸ್ಕಿನದ್ದು.

ನಮ್ಮ ಮನೆಯಲ್ಲಿ ಎರಡು ನಾಯಿಗಳುಂಟು. ಬ್ರೂನೊ ಲ್ಯಾಬ್ರಡಾರ್. ಬೇಟೆಯಲ್ಲಿ ಬಿದ್ದ ಹಕ್ಕಿಯನ್ನು ಗಾಯ ಮಾಡದೆ ಕಚ್ಚಿ ತರಲೆಂದು ಬೆಳೆಸಿದ ತಳಿ ಅದು. ಹಿಡಿಯುವಾಗ ಅವನ ಬಾಯಿ ಬಹಳ ಹಗುರ. ಆದರೆ ತಂದ ಮೇಲೆ ಮಲಗಿ, ಮುಂಗಾಲುಗಳ ನಡುವೆ ಸಿಕ್ಕಿಸಿಕೊಂಡು ಜಗಿಯಲು ತೊಡಗಿದನೆಂದರೆ ಯಾವ ವಸ್ತುವೂ ಉಳಿಯುವುದಿಲ್ಲ. ಮುತ್ತು ಮಲ್ಪೆ ಕಡೆಯಿಂದ ಬಂದ ಊರನಾಯಿ. ಸಪೂರ ಮೈ, ಗಾಳಿಯಲ್ಲೇ ಹಿಡಿಯುವ ಚುರುಕು. ಓಟದ ಪೂರ್ತಿ ರಭಸದಲ್ಲಿ ಟಪ್ಪೆಂದು ಬಾಯಿ ಮುಚ್ಚುತ್ತಾಳೆ. ಅವನ ಡಿಸ್ಕಿಗೆ ಹರಿಯದ ಅಂಚು ಬೇಕು, ಅವಳದ್ದಕ್ಕೆ ಪೆಟ್ಟು ತಡೆದುಕೊಳ್ಳುವ ಮೆತ್ತನೆಯ ಮೈ ಬೇಕು. ನಮ್ಮ ಚೀಲದಲ್ಲಿ ಬೇರೆ ಬೇರೆ ಜಾತಿಯ ಡಿಸ್ಕುಗಳಿರುವುದು ಇದೇ ಕಾರಣಕ್ಕೆ.

ಮನುಷ್ಯರು ಆಡುವ ಡಿಸ್ಕನ್ನು ನಾಯಿಗೆ ಎಸೆಯಬೇಡಿ ಎಂದರೆ ಮಣಿಪಾಲದ ಹುಡುಗರಿಗೆ ಬೇಸರವಾಗುತ್ತದೆ. ತಂಡ ಕಟ್ಟಿಕೊಂಡು ಎಸೆದಾಡುವ ಅಲ್ಟಿಮೇಟ್ ಎಂಬ ಆಟದ ಡಿಸ್ಕು 175 ಗ್ರಾಂ ತೂಗುತ್ತದೆ, ಅಂಚು ಗಡುಸು. ಓಡಿಬರುವ ನಾಯಿಯ ಬಾಯಿಗೆ ಅದು ಎದುರಿನಿಂದ ಬಡಿದರೆ ಹಲ್ಲು ಸೀಳಬಹುದು. ಆಟ ಶುರುವಾದದ್ದು ಮನುಷ್ಯರ ಡಿಸ್ಕಿನಿಂದಲೇ, ನಿಜ. ಅಮೆರಿಕದ ವಾಮ್-ಓ ಕಂಪೆನಿ 1957ರಲ್ಲಿ ಅದನ್ನು ಮಾರಲು ತೊಡಗಿದ್ದು ಜನರ ಆಟಕ್ಕೆ. 1974ರಲ್ಲಿ ಲಾಸ್ ಏಂಜಲೀಸಿನ ಡಾಜರ್ ಸ್ಟೇಡಿಯಂನಲ್ಲಿ ಬೇಸ್‌ಬಾಲ್ ಪಂದ್ಯ ನಡೆಯುತ್ತಿರುವಾಗಲೇ ಅಲೆಕ್ಸ್ ಸ್ಟೈನ್ ಎಂಬ ಯುವಕ ತನ್ನ ನಾಯಿ ಆಶ್ಲಿ ವಿಪೆಟ್ ಜೊತೆ ಮೈದಾನಕ್ಕಿಳಿದು ಡಿಸ್ಕ್ ಹಿಡಿಸಿದ. ನಾಯಿಯ ಆ ನೆಗೆತವನ್ನು ಟಿವಿಯಲ್ಲಿ ಕಂಡವರಿಗೆಲ್ಲ ಈ ಆಟದ ರುಚಿ ಹತ್ತಿತು. ಈಗ ನಾಯಿಯ ಬಾಯಿಗೆಂದೇ ಮಾಡಿದ ಡಿಸ್ಕುಗಳು ನಮ್ಮೂರಿಗೂ ಬರುತ್ತವೆ, ಅವನ್ನೇ ಕೊಳ್ಳಬೇಕು. ಹಾಗೆಯೇ, ಊಟ ಮುಗಿದ ಅಡಿಕೆ ಹಾಳೆಯ ತಟ್ಟೆಯನ್ನು ಮಕ್ಕಳು ನಾಯಿಗೆ ಬೀಸುವುದನ್ನು ಕಂಡರೆ ತಡೆಯಿರಿ. ಒಣಗಿದ ಹಾಳೆ ಸೀಳಿದಾಗ ಅಂಚು ಚುಚ್ಚುತ್ತದೆ. ಸಾಂಬಾರಿನ ವಾಸನೆಗೆ ನಾಯಿ ಅದನ್ನು ನುಂಗಿಯೂಬಿಡುತ್ತದೆ.

ಅಂಗಡಿಯಲ್ಲಿ ನಾನು ಡಿಸ್ಕನ್ನು ಎರಡೂ ಕೈಯಲ್ಲಿ ಹಿಡಿದು ಅಂಚಿಗೆ ಅಂಚು ತಾಗುವ ಹಾಗೆ ಮಡಚಲು ನೋಡುತ್ತೇನೆ. ಮಡಚಿ ಬಿಟ್ಟ ಕೂಡಲೇ ಮೊದಲಿನ ಆಕಾರಕ್ಕೆ ಬಂದರೆ ಮುಂದಿನ ಮಾತು. ಮಡಚಿದಲ್ಲಿ ಬಿಳಿ ಗೆರೆ ಮೂಡಿದರೆ ಅಲ್ಲೇ ವಾಪಸ್ ಇಡುತ್ತೇನೆ. ಪ್ಲಾಸ್ಟಿಕ್ ಒಳಗಿಂದ ಸೋತಿದೆ ಎಂಬುದರ ಗುರುತು ಅದು. ನಾಲ್ಕು ಸಲ ಕಚ್ಚಿದರೆ ಅದೇ ಜಾಗದಲ್ಲಿ ಬಿರುಕು ಬಿಡುತ್ತದೆ, ಬಿರುಕಿನ ಅಂಚು ನಾಲಗೆ ಕೊಯ್ಯುತ್ತದೆ. ಆಮೇಲೆ ಹೆಬ್ಬೆರಳ ಉಗುರನ್ನು ಅಂಚಿಗೆ ಒತ್ತಿ ಹಿಡಿಯುತ್ತೇನೆ. ಪಶುವೈದ್ಯರು ಜಗಿಯುವ ಆಟಿಕೆಗಳಿಗೆ ಹೇಳುವ ಪರೀಕ್ಷೆ ಇದು: ಉಗುರಿನ ಗುರುತು ಸ್ವಲ್ಪವೂ ಬೀಳದಷ್ಟು ಗಡುಸಾಗಿದ್ದರೆ ಅದು ಹಲ್ಲಿಗೆ ಆಗದು. ಗುರುತು ಬಿದ್ದು ಮೆಲ್ಲಗೆ ಮಾಸಿದರೆ ಒಳ್ಳೆಯದು. ಕೊನೆಗೆ ಒಳಬದಿಯ ಅಂಚಿನ ಸುತ್ತ ಬೆರಳು ಓಡಿಸುತ್ತೇನೆ. ಅಚ್ಚಿನ ಎರಡು ಭಾಗ ಸೇರಿದ ಕಡೆ ಗೆರೆಯೊಂದು ಉಬ್ಬಿಕೊಂಡು ಬೆರಳಿಗೆ ಒರಟಾಗಿ ಸಿಕ್ಕಿದರೆ ಒಸಡಿಗೂ ಅದು ಹಾಗೆಯೇ ಸಿಗುತ್ತದೆ.

"ಮೇಡಂ, ಇದು ಕಲ್ಲಿನ ಹಾಗೆ ಉಂಟು, ಎಂತ ಮಾಡಿದರೂ ಹೋಗ್ಲಿಕ್ಕಿಲ್ಲ" ಎಂದು ಅಂಗಡಿಯವರು ಯಾವುದನ್ನು ಹೊಗಳಿದರೋ ಅದನ್ನು ನಾನು ಮುಟ್ಟುವುದಿಲ್ಲ. ನಾಯಿಯ ಡಿಸ್ಕಿನಲ್ಲಿ ಹಲ್ಲಿನ ಗುರುತು ಬೀಳಬೇಕು. ಗುರುತು ಬಿದ್ದೂ ಹರಿಯದೆ ಉಳಿಯುವುದೇ ನಾನು ಹುಡುಕುವ ಗಟ್ಟಿತನ.

ವಸ್ತುವಿನ ವಿಷಯದಲ್ಲಿ ನನ್ನ ಮೊದಲ ಆಯ್ಕೆ ನೈಸರ್ಗಿಕ ರಬ್ಬರ್. ಸುಳ್ಯ, ಬೆಳ್ತಂಗಡಿ ಕಡೆ ತೋಟಗಳಲ್ಲಿ ಹಾಲು ಇಳಿಸಿ ಶೀಟು ಮಾಡುವ ರಬ್ಬರ್ ಇದೆಯಲ್ಲ, ಅದನ್ನೇ ಹದಮಾಡಿ ಅಚ್ಚಿಗೆ ಹಾಕಿದ್ದು. ಕಾಂಗ್ ಫ್ಲೈಯರ್ ಎಂಬ ಕೆಂಪು ಡಿಸ್ಕು ಈ ಜಾತಿಯದ್ದು. ಹಲ್ಲು ಒಳಗಿಳಿಯುತ್ತದೆ, ಬಾಯಿ ತೆಗೆದಾಗ ರಬ್ಬರ್ ಮತ್ತೆ ಕೂಡಿಕೊಳ್ಳುತ್ತದೆ. ಮುತ್ತುವಿನ ರಭಸಕ್ಕೆ ಇದರಷ್ಟು ಹೊಂದುವುದು ಬೇರೆ ಕಂಡಿಲ್ಲ. ದೂರ ಹಾರುವುದಿಲ್ಲ ಎಂಬ ದೂರು ಸರಿಯೇ. ಮೆತ್ತನೆಯ ಡಿಸ್ಕು ಗಾಳಿಯಲ್ಲಿ ಸ್ವಲ್ಪ ತೊನೆಯುತ್ತದೆ. ಆದರೆ ನಾಯಿಗೆ 20 ಮೀಟರಿನ ಸರಿಯಾದ ಎಸೆತ ಸಾಕು, 60 ಮೀಟರ್ ಎಸೆದು ಯಾರಿಗೂ ತೋರಿಸಬೇಕಾದ್ದಿಲ್ಲ. ರಬ್ಬರಿಗೆ ಬಿಸಿಲು ಮತ್ತು ಎಣ್ಣೆ ಆಗದು. ಬಿಸಿಲಿಗೆ ನಿಲ್ಲಿಸಿದ ಕಾರಿನ ಹಿಂದಿನ ಗಾಜಿನಡಿ ಬಿಟ್ಟರೆ ಮೈಮೇಲೆ ಸಣ್ಣ ಬಿರುಕು ಏಳುತ್ತದೆ. ಹೊಳಪು ಬರಲಿ ಎಂದು ತೆಂಗಿನೆಣ್ಣೆ ಸವರಿದರೆ ಉಬ್ಬಿ ಬಲ ಕಳೆದುಕೊಳ್ಳುತ್ತದೆ. ಆಡಿದ ಮೇಲೆ ಬಾವಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿದರೆ ಸಾಕು, ಅದಕ್ಕೆ ಬೇರೆ ಆರೈಕೆ ಬೇಡ.

ಕಡಲಿಗೆ ಇಳಿಯುವ ನಾಯಿಗಾದರೆ ಡಿಸ್ಕು ತೇಲಲೇಬೇಕು. ತಂದ ಹೊಸ ಡಿಸ್ಕನ್ನು ನಾನು ಮೊದಲು ಬಕೆಟಿನ ನೀರಿಗೆ ಹಾಕಿ, ಕೈಯಿಂದ ಒತ್ತಿ ಮುಳುಗಿಸಿ ಬಿಡುತ್ತೇನೆ. ಮೇಲೆ ಬಂದರೆ ಕಡಲಿಗೆ, ತಳದಲ್ಲೇ ಉಳಿದರೆ ನೆಲಕ್ಕೆ. ಪಾಲಿಥಿಲೀನ್ ಎಂಬ ಪ್ಲಾಸ್ಟಿಕ್ ನೀರಿಗಿಂತ ಹಗುರ, ತೇಲುತ್ತದೆ. ಪಿವಿಸಿ ಎಂಬ ಇನ್ನೊಂದು ಪ್ಲಾಸ್ಟಿಕ್ ಭಾರ, ಮುಳುಗುತ್ತದೆ. ಮೆತ್ತಗೆ, ಮಿರಮಿರ ಮಿಂಚುತ್ತ, ಮೂಗಿಗೆ ಹೊಡೆಯುವ ವಾಸನೆ ಬೀರುತ್ತ ಬಕೆಟಿನ ತಳ ಸೇರುವ ಅಗ್ಗದ ಡಿಸ್ಕು ಹೆಚ್ಚಾಗಿ ಪಿವಿಸಿಯದ್ದು. ಅದು ನಾಯಿಯ ಬಾಯಿಗೆ ಹೋಗುವುದು ನನಗೆ ಬೇಡ. ಮುಳುಗುವ ಡಿಸ್ಕಿನಿಂದ ಇನ್ನೊಂದು ತೊಂದರೆ: ನಾಯಿ ತಲೆ ಅದ್ದಿ ಅದ್ದಿ ಹುಡುಕುತ್ತ ಉಪ್ಪುನೀರು ಕುಡಿಯುತ್ತದೆ, ರಾತ್ರಿ ವಾಂತಿ ಭೇದಿ ಶುರುವಾಗುತ್ತದೆ. ತುಂಬ ಕುಡಿದರೆ ಜೀವಕ್ಕೇ ಅಪಾಯ. ವೆಸ್ಟ್ ಪಾ ಕಂಪೆನಿಯ ಜಿಸ್ಕ್ ತೇಲುತ್ತದೆ, ಚಕಿಟ್ ಪ್ಯಾರಾಫ್ಲೈಟ್ ಕೂಡ. ತೇಲಿದರೂ ಪ್ರತಿ ಐದಾರು ಎಸೆತಕ್ಕೊಮ್ಮೆ ಮನೆಯಿಂದ ತಂದ ಸಿಹಿನೀರು ಕುಡಿಸುತ್ತೇನೆ.

ಬಟ್ಟೆ ಹೊದಿಸಿದ ಡಿಸ್ಕುಗಳು ಒಸಡಿಗೆ ಬಹಳ ಹಿತ. ಮಳೆಗಾಲದಲ್ಲಿ ಚಾವಡಿಯೊಳಗೆ, ಇಲ್ಲವೇ ಹುಲ್ಲು ಹಾಸಿದ ಮೈದಾನದಲ್ಲಿ ಅವೇ ಚೆನ್ನ. ಒಣ ಮರಳಿಗೆ ಮಾತ್ರ ಅವನ್ನು ಒಯ್ಯಬೇಡಿ. ನೇಯ್ಗೆಯೊಳಗೆ ಮರಳು ಸೇರಿ, ಪ್ರತಿ ಸಲ ಕಚ್ಚಿದಾಗಲೂ ಹಲ್ಲು ತಿಕ್ಕಿದಂತಾಗುತ್ತದೆ. ಟೆನ್ನಿಸ್ ಚೆಂಡು ಕಚ್ಚಿ ಆಡುವ ನಾಯಿಗಳ ಹಲ್ಲು ಸವೆಯುವುದೂ ಅದರ ರೋಮದಲ್ಲಿ ಸೇರಿದ ಮಣ್ಣಿನಿಂದ. ಮೊಂಡಾದ ಕೋರೆಹಲ್ಲು ಎಂದೆನಲ್ಲ, ವಿಚಾರಿಸಿದರೆ ಹೆಚ್ಚಿನ ಕಡೆ ಕಾರಣ ಇದೇ ಸಿಗುತ್ತದೆ.

ಇನ್ನು ನಮ್ಮ ಊರಿನ ನೆಲ. ಅಂಗಡಿಯ ರಟ್ಟಿನ ಮೇಲೆ ಏನೇ ಬರೆದಿರಲಿ, ಕರಾವಳಿಯಲ್ಲಿ ಡಿಸ್ಕನ್ನು ಹಾಳುಮಾಡುವುದರಲ್ಲಿ ಮುರಕಲ್ಲು ಎಂಬ ಒರಟು ಕೆಂಪು ಕಲ್ಲಿನ ಪಾಲು ಬಹಳ ದೊಡ್ಡದು. ಮುರಕಲ್ಲಿನ ಪಾಗಾರಕ್ಕೆ ಒಮ್ಮೆ ಉಜ್ಜಿಕೊಂಡು ಹೋದರೆ ಪ್ಲಾಸ್ಟಿಕ್ಕಿನ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳುಗಳು ಏಳುತ್ತವೆ. ಕೈಗೆ ಗೊತ್ತಾಗುವುದಿಲ್ಲ. ಹತ್ತಿಯ ಉಂಡೆಯೊಂದನ್ನು ತೆಗೆದುಕೊಂಡು ಅಂಚಿನ ಸುತ್ತ ಮೆಲ್ಲಗೆ ಎಳೆಯಿರಿ. ಎಲ್ಲಿ ಎಳೆ ಸಿಕ್ಕಿಕೊಂಡಿತೋ ಅಲ್ಲಿ ಮುಳ್ಳು ಉಂಟು. ನಯವಾದ ಸ್ಯಾಂಡ್ ಪೇಪರ್ ಹಿಡಿದು ಆ ಜಾಗವನ್ನು ಉಜ್ಜಿ, ತೊಳೆದು, ಮತ್ತೊಮ್ಮೆ ಹತ್ತಿ ಎಳೆದು ನೋಡುತ್ತೇನೆ. ಗಡುಸು ಡಿಸ್ಕಿನ ಬಾಳಿಕೆ ಇದರಿಂದ ಹೆಚ್ಚುತ್ತದೆ, ಬಾಯಿಯೂ ಹುಣ್ಣಾಗುವುದಿಲ್ಲ. ಏಣೆಲು, ಅಂದರೆ ಮಳೆಗಾಲದ ಭತ್ತ, ಕೊಯ್ದ ಗದ್ದೆ ವಿಶಾಲವಾಗಿ ಕಾಣುತ್ತದೆ, ಆಸೆಯಾಗುತ್ತದೆ. ಆದರೆ ಕೂಳೆ ಪಾದಕ್ಕೆ ಚುಚ್ಚುತ್ತದೆ, ಕಣ್ಣಿಗೂ ತಾಗಬಹುದು. ಮಳೆಗಾಲದ ಪಾಚಿ ಹಿಡಿದ ಅಂಗಳವಂತೂ ಬೇಡವೇ ಬೇಡ, ನಾಯಿ ಜಾರಿದರೆ ಮೊಣಕಾಲಿನ ಕಟ್ಟು ಹರಿಯುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಅಲೆ ಹಿಂದೆ ಸರಿದ ಮೇಲೆ ಉಳಿಯುವ ಗಟ್ಟಿ ಒದ್ದೆ ಮರಳು.

ಎಸೆಯುವ ರೀತಿಯೂ ಬಾಳಿಕೆಗೆ ಸೇರಿದ್ದೇ. ಸಂಜೆ ಗಾಳಿ ಪಡುವಣ ಕಡಲಿನಿಂದ ಬೀಸುತ್ತದೆ. ಗಾಳಿಗೆ ಎದುರಾಗಿ ಎಸೆದರೆ ಡಿಸ್ಕು ಮೇಲಕ್ಕೆದ್ದು ಅಲ್ಲೇ ತೂಗುತ್ತದೆ, ನಾಯಿ ನೆಟ್ಟಗೆ ಮೇಲೆ ಹಾರಿ ಹಿಂಗಾಲಿನ ಮೇಲೆ ತಿರುಚಿಕೊಂಡು ಬೀಳುತ್ತದೆ. ನಾನು ಬಡಗಿಗೋ ತೆಂಕಿಗೋ, ದಡದ ಉದ್ದಕ್ಕೆ, ನಾಯಿಯ ಭುಜದ ಎತ್ತರ ಮೀರದ ಹಾಗೆ ಎಸೆಯುತ್ತೇನೆ. ನಾಯಿ ಬೆನ್ನಟ್ಟಿ ಓಡಿ ಹಿಡಿಯಬೇಕು. ಎದುರಿನಿಂದ ಬಡಿತವಿಲ್ಲದ ಕಾರಣ ಹಲ್ಲಿಗೂ ಡಿಸ್ಕಿಗೂ ಪೆಟ್ಟು ಕಡಿಮೆ. ಮರಿಗಳಿಗೆ ಡಿಸ್ಕನ್ನು ಚಕ್ರದಂತೆ ನೆಲದ ಮೇಲೆ ಉರುಳಿಸಿ. ಎಲುಬಿನ ತುದಿಗಳು ಬಲಿಯಲು ಒಂದರಿಂದ ಒಂದೂವರೆ ವರ್ಷ ಬೇಕು, ದೊಡ್ಡ ತಳಿಗೆ ಇನ್ನೂ ಸ್ವಲ್ಪ. ಅಷ್ಟರವರೆಗೆ ಹಾರಿಸುವ ಆಟ ಬೇಡ.

ಹೊತ್ತಿನ ಬಗ್ಗೆ ಒಂದು ಮಾತು. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ, ನಾಲಗೆಯ ತೇವ ಆರುವುದರಿಂದ. ನಮ್ಮ ಕರಾವಳಿಯ ತೇವ ತುಂಬಿದ ಗಾಳಿಯಲ್ಲಿ ಆ ತೇವ ಬೇಗ ಆರುವುದಿಲ್ಲ. ಬಯಲುಸೀಮೆಯ ಒಣ ಸೆಕೆಯಲ್ಲಿ ಹತ್ತು ನಿಮಿಷ ಆಡುವ ನಾಯಿ ಇಲ್ಲಿ ಅದಕ್ಕಿಂತ ಮೊದಲೇ ಬಸವಳಿಯುತ್ತದೆ. ಲ್ಯಾಬ್ರಡಾರ್ ತಾನಾಗಿ ನಿಲ್ಲಿಸುವ ಜಾತಿಯೇ ಅಲ್ಲ, ನಾವೇ ನಿಲ್ಲಿಸಬೇಕು. ಅಂಗೈಯ ಹಿಂಬದಿಯನ್ನು ಮರಳಿಗೆ ಒತ್ತಿ ಹಿಡಿಯಲು ಆಗದಿದ್ದರೆ ಅಂದಿನ ಆಟವೇ ಇಲ್ಲ.

ಡಿಸ್ಕು ತುಂಡಾಗುವುದು ಹೆಚ್ಚಾಗಿ ಹಾರುವಾಗ ಅಲ್ಲವೇ ಅಲ್ಲ, ಆಟ ಮುಗಿದ ಮೇಲೆ. ನಾವು ಯಾರಲ್ಲೋ ಮಾತಿಗೆ ನಿಲ್ಲುತ್ತೇವೆ, ನಾಯಿ ಮಲಗಿ ಅಂಚು ಜಗಿಯುತ್ತದೆ. ಆದ್ದರಿಂದ ನನ್ನ ಕೈಯಲ್ಲಿ ಯಾವಾಗಲೂ ಒಂದೇ ತರದ ಎರಡು ಡಿಸ್ಕು. ಬ್ರೂನೊ ತಂದು ಮುಂದೆ ನಿಂತಾಗ ಎರಡನೆಯದನ್ನು ತೋರಿಸಿ "ಬಿಡು" ಎನ್ನುತ್ತೇನೆ. ಬಿಟ್ಟ ಕೂಡಲೇ ಅದನ್ನು ಎಸೆಯುತ್ತೇನೆ. ಬಿಟ್ಟರೆ ಆಟ ಮುಂದುವರಿಯುತ್ತದೆ ಎಂದು ಅವನಿಗೆ ತಿಳಿದಿದೆ. ಎಳೆದಾಡುವ ಜಗಳವಿಲ್ಲ, ಅಂಚು ಹರಿಯುವುದಿಲ್ಲ. ಕೊನೆಯ ಎಸೆತ ಮುಗಿಯುತ್ತಿದ್ದ ಹಾಗೆ ಎರಡೂ ಚೀಲ ಸೇರಿ ಜಿಪ್ ಬೀಳುತ್ತದೆ. ಜಗಿಯಲೇಬೇಕು ಎಂಬ ಆಸೆಗೆ ಮನೆಯಲ್ಲಿ ಬೇರೆ ರಬ್ಬರ್ ಆಟಿಕೆ ಉಂಟು. ದುಬಾರಿ ಡಿಸ್ಕು ಕೊಂಡವರಿಗೆ ನಾನು ಒತ್ತಿ ಹೇಳುವುದು ಇದನ್ನೇ: ಹಣ ಎಷ್ಟೇ ಕೊಟ್ಟಿರಿ, ಅಂಗಳದಲ್ಲಿ ಬಿಟ್ಟು ಒಳಗೆ ಹೋದಿರೋ ಬೆಳಗ್ಗೆ ಚೂರು ಹೆಕ್ಕಬೇಕು.

ಚೂರು ಹೆಕ್ಕುವಾಗ ಅವನ್ನು ಜೋಡಿಸಿ ನೋಡಿ. ಅಂಚಿನಿಂದ ಉಗುರಿನಷ್ಟು ಹೋಗಿದ್ದರೂ ಆ ಡಿಸ್ಕು ಮತ್ತೆ ಆಟಕ್ಕೆ ಬೇಡ, ಅಲ್ಲಿಂದಲೇ ಮುಂದಿನ ತುಂಡು ಕಿತ್ತುಬರುತ್ತದೆ. ಹೋದ ತುಂಡು ಸಿಗದಿದ್ದರೆ ನಾಯಿ ನುಂಗಿದೆ ಎಂದೇ ಲೆಕ್ಕ. ವಾಂತಿ, ಊಟ ಬೇಡ ಎನ್ನುವುದು, ಹೊಟ್ಟೆ ಮುಟ್ಟಲು ಬಿಡದಿರುವುದು, ಇವುಗಳಲ್ಲಿ ಒಂದು ಕಂಡರೂ ನಾಳೆ ನೋಡೋಣ ಎನ್ನದೆ ಪಶುವೈದ್ಯರಲ್ಲಿಗೆ ಹೊರಡಿ. ಪ್ಲಾಸ್ಟಿಕ್ ಚೂರು ಎಕ್ಸ್‌ರೇಯಲ್ಲಿ ಕಾಣದೆ ಹೋಗುವುದುಂಟು, ರಬ್ಬರಿನದ್ದೂ ಸ್ಪಷ್ಟವಾಗಿ ಕಂಡೀತೆಂಬ ಖಾತ್ರಿಯಿಲ್ಲ. ಹಾಗಾಗಿ ಹೊರಡುವಾಗ ಉಳಿದ ಡಿಸ್ಕನ್ನೂ ಚೂರುಗಳನ್ನೂ ಜೊತೆಗೆ ಒಯ್ಯಿರಿ. ಯಾವ ವಸ್ತು, ಎಷ್ಟು ದೊಡ್ಡ ತುಂಡು ಒಳಗೆ ಹೋಗಿದೆ ಎಂದು ಡಾಕ್ಟರಿಗೆ ಅದರಿಂದ ಅಂದಾಜಾಗುತ್ತದೆ.