‘ಸಿ’ ಆಕಾರದ ಬೇರುನಾಳ: ಕೆಳಗಿನ ಎರಡನೇ ದವಡೆಹಲ್ಲಿಗೆ ರೂಟ್ ಕೆನಾಲ್ ಮಾಡುವ ಬಗೆ

ಕೆಳಗಿನ ಎರಡನೇ ದವಡೆಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರುಗಳೂ ಅವುಗಳೊಳಗೆ ಮೂರು ನಾಳಗಳೂ ಇರುತ್ತವೆ. ಬೇರಿಗೆ ರೂಪ ಕೊಡುವ ಹರ್ಟ್‌ವಿಗ್ ಪೊರೆಯು ಕೆನ್ನೆಯ ಕಡೆಯಲ್ಲೋ ನಾಲಿಗೆಯ ಕಡೆಯಲ್ಲೋ ಸರಿಯಾಗಿ ಕೂಡಿಕೊಳ್ಳದೆ ಹೋದಾಗ ಬೇರುಗಳು ಒಂದಕ್ಕೊಂದು ಅಂಟಿಕೊಂಡೇ ಬೆಳೆದು, ನಾಳಗಳು ಇಂಗ್ಲಿಷಿನ ‘ಸಿ’ ಅಕ್ಷರದಂತೆ ಬಾಗಿದ ಒಂದು ಸೀಳಾಗಿ ಉಳಿಯುತ್ತವೆ. 1979ರಲ್ಲಿ ಸಂಶೋಧಕರಾದ ಕುಕ್ ಮತ್ತು ಕಾಕ್ಸ್ ಇದನ್ನು ದಂತವೈದ್ಯರ ಗಮನಕ್ಕೆ ತಂದರು. ಚೀನಾ, ಕೊರಿಯಾದವರಲ್ಲಿ ಇದು ಹೆಚ್ಚು; ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಕಾಣದ ಸಂಗತಿಯೇನಲ್ಲ.

ನೇರವಾಗಿ ಒಂದು, ಓರೆಯಾಗಿ ಒಂದು ಎಕ್ಸ್-ರೇ ತೆಗೆದುಕೊಳ್ಳಿ. ಬೇರುಗಳು ಕೂಡಿಕೊಂಡು ಶಂಕುವಿನಂತೆ ಕಂಡರೆ, ಅಥವಾ ಎರಡು ನಾಳಗಳ ನಡುವೆ ಮಸುಕಾದ ಮೂರನೆಯ ಗೆರೆಯೊಂದು ಹಾದುಹೋದರೆ ಅನುಮಾನಪಡಬೇಕು. ಸಿಬಿಸಿಟಿ (ಹಲ್ಲನ್ನು ಮೂರು ಆಯಾಮದಲ್ಲಿ ತೋರಿಸುವ ಸ್ಕ್ಯಾನ್) ದೊರೆಯುವಲ್ಲಿ ಅದನ್ನು ಮಾಡಿಸುವುದು ಒಳ್ಳೆಯದು, ಏಕೆಂದರೆ ಕೂಡಿದ ಬೇರುಗಳ ಹೊರಮೈಯಲ್ಲಿನ ತೋಡು ಯಾವ ಕಡೆಗಿದೆ, ಅಲ್ಲಿನ ಗೋಡೆ ಎಷ್ಟು ತೆಳು ಎಂಬುದನ್ನು ಬೇರಾವ ಚಿತ್ರವೂ ಅಷ್ಟು ಸ್ಪಷ್ಟವಾಗಿ ಹೇಳದು.

ಹಲ್ಲನ್ನು ಉಗುಳಿನಿಂದ ಬೇರ್ಪಡಿಸುವ ರಬ್ಬರ್ ಹಾಳೆ (ರಬ್ಬರ್ ಡ್ಯಾಮ್) ಹಾಕಿ, ಪಲ್ಪ್ (ಹಲ್ಲಿನೊಳಗಿನ ಮೆದು ತಿರುಳು) ಕೋಣೆಯ ಚಾವಣಿಯನ್ನು ಮಾತ್ರ ತೆಗೆಯಿರಿ. ತಳವನ್ನು ಬರ್‌ನಿಂದ (ಕೊರೆಯುವ ಮೊನೆಯಿಂದ) ಮುಟ್ಟಬೇಡಿ. ಲೂಪ್ಸ್ (ದೊಡ್ಡದಾಗಿ ತೋರಿಸುವ ಕನ್ನಡಕ) ಅಥವಾ ಮೈಕ್ರೋಸ್ಕೋಪಿನಲ್ಲಿ ತಳದಲ್ಲಿನ ‘ಸಿ’ ಸೀಳನ್ನು ಗುರುತಿಸಿ, ತುದಿ ಬಾಗಿಸಿದ 8 ಅಥವಾ 10ನೇ ಅಳತೆಯ ಕೆ-ಫೈಲನ್ನು (ನಾಳ ಉಜ್ಜುವ, ಸೂಜಿಯಂಥ ಅರವನ್ನು) ಅದರುದ್ದಕ್ಕೂ ಆಡಿಸಿ ನೋಡಿ. ನಾಳದ ಬಾಯಲ್ಲಿ ಕಂಡ ಆಕಾರವೇ ತುದಿಯವರೆಗೂ ಇರುತ್ತದೆಂದು ನಂಬುವಂತಿಲ್ಲ: 2004ರಲ್ಲಿ ಫಾನ್ ಮತ್ತು ಸಂಗಡಿಗರು ಮಾಡಿದ ವಿಂಗಡಣೆಯಲ್ಲಿ ಪೂರ್ಣ ‘ಸಿ’, ಅರ್ಧವಿರಾಮ ಚಿಹ್ನೆಯಂಥದ್ದು, ಬಿಡಿಬಿಡಿ ನಾಳಗಳು ಮೊದಲಾದ ಬಗೆಗಳಿದ್ದು, ಒಂದೇ ಹಲ್ಲಿನ ಬೇರೆ ಬೇರೆ ಆಳದಲ್ಲಿ ಬೇರೆ ಬೇರೆ ಬಗೆ ಎದುರಾಗಬಹುದು. ತಳದಲ್ಲಿ ರಕ್ತ ನಿಲ್ಲದಿದ್ದರೆ ತೂತುಬಿದ್ದಿತೆಂದು ಗಾಬರಿಯಾಗುವುದು ಸಹಜ. ಆದರೆ ಸೀಳಿನಲ್ಲಿ ಉಳಿದ ಪಲ್ಪ್ ಕೂಡ ಹಾಗೆಯೇ ಒಸರುತ್ತದೆ, ಆದ್ದರಿಂದ ನಾಳದ ಉದ್ದ ಅಳೆಯುವ ವಿದ್ಯುತ್ ಸಾಧನವಾದ ಅಪೆಕ್ಸ್ ಲೊಕೇಟರಿನಿಂದ ಖಚಿತಪಡಿಸಿಕೊಂಡು ಮುಂದುವರಿಯಿರಿ.

ಅತ್ಯಂತ ಎಚ್ಚರ ಬೇಕಾದದ್ದು ನಾಳವನ್ನು ಅಗಲಿಸುವಾಗ. ಬಹುಪಾಲು ತೋಡು ನಾಲಿಗೆಯ ಕಡೆಗಿರುವುದರಿಂದ ಅಲ್ಲಿನ ಡೆಂಟಿನ್ (ಹಲ್ಲಿನ ಗಟ್ಟಿ ಒಳಪದರ) ತೀರ ತೆಳುವಾಗಿದ್ದು, ನಾಳಗಳನ್ನು ಕೂಡಿಸುವ ಸೀಳಿಗೆ ಗೇಟ್ಸ್ ಗ್ಲಿಡನ್ (ನಾಳ ಅಗಲಿಸುವ ಡ್ರಿಲ್) ಇಳಿಸಿದರೆ ಗೋಡೆ ಉದ್ದಕ್ಕೆ ಸೀಳಿಹೋಗುತ್ತದೆ. ಸೀಳಿನೊಳಗೆ 25ನೇ ಫೈಲಿಗಿಂತ ದಪ್ಪದ್ದನ್ನು ಬಳಸದೆ, ತೋಡಿನಿಂದ ಆಚೆಗೆ ಒತ್ತಿ ಉಜ್ಜಬೇಕು. ಫೈಲು ತಲುಪದ ಮೂಲೆಗಳೇ ಇಲ್ಲಿ ಹೆಚ್ಚಾಗಿರುವುದರಿಂದ ಶುದ್ಧಿಯ ಭಾರವನ್ನು ದ್ರಾವಣವೇ ಹೊರಬೇಕು: ಪಕ್ಕದಲ್ಲಿ ರಂಧ್ರವಿರುವ ಸೂಜಿಯನ್ನು ನಾಳದ ಅಳೆದ ಉದ್ದಕ್ಕಿಂತ 2 ಮಿ.ಮೀ. ಮೇಲೆಯೇ, ಬಿಗಿಯದಂತೆ ನಿಲ್ಲಿಸಿ ಸೋಡಿಯಂ ಹೈಪೋಕ್ಲೋರೈಟನ್ನು ಧಾರಾಳವಾಗಿ ಹರಿಸಿ, ಅಲ್ಟ್ರಾಸಾನಿಕ್ ತುದಿಯಿಂದ ಕದಡಿ, ಕೊನೆಗೆ ಉಜ್ಜಿದ ಪುಡಿಯ ಪದರವನ್ನು ಕರಗಿಸುವ 17% ಇಡಿಟಿಎ ದ್ರಾವಣವನ್ನು ಒಂದು ನಿಮಿಷ ಬಿಡಿ. ಒಸರುವಿಕೆ ಉಳಿದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತುಂಬಿ ಒಂದೆರಡು ವಾರ ಕಾಯುವುದೇ ಲೇಸು. ಒಂದೇ ಭೇಟಿಯಲ್ಲಿ ಮುಗಿಸುವ ಹಟ ಈ ಹಲ್ಲಿನಲ್ಲಿ ಬೇಡ.

ಗಟ್ಟಾ ಪರ್ಚಾ (ನಾಳ ತುಂಬುವ ರಬ್ಬರಿನಂಥ ವಸ್ತು) ಕಡ್ಡಿಗಳನ್ನು ಪಕ್ಕಪಕ್ಕಕ್ಕೆ ಒತ್ತಿ ತುಂಬುವ ಹಳೆಯ ಕ್ರಮದಲ್ಲಿ ಸೀಳು ಟೊಳ್ಳಾಗಿಯೇ ಉಳಿಯುವ ಸಂಭವವಿದೆ. ‘ಸಿ’ಯ ಎರಡೂ ತುದಿಯ ನಾಳಗಳಲ್ಲಿ ಏಕಕಾಲಕ್ಕೆ ಸೀಲರ್ (ಸಂದು ಮುಚ್ಚುವ ಅಂಟು) ಸಮೇತ ಕಡ್ಡಿ ಕೂರಿಸಿ, ಬಿಸಿಮಾಡಿ ಕೆಳಕ್ಕೆ ಅದುಮಿ, ಉಳಿದ ಜಾಗಕ್ಕೆ ಕರಗಿಸಿದ ಗಟ್ಟಾ ಪರ್ಚಾ ತುಂಬಿರಿ. ಒಂದರಲ್ಲೇ ಮೊದಲು ಒತ್ತಿದರೆ ಅದು ಇನ್ನೊಂದಕ್ಕೆ ನುಗ್ಗಿ ದಾರಿ ಮುಚ್ಚುತ್ತದೆ.

ಈ ಹಲ್ಲಿನ ಪಲ್ಪ್ ಕೋಣೆ ಆಳವಾಗಿರುವುದರಿಂದ ಹಲ್ಲಿನ ಬಣ್ಣದ ತುಂಬುವಸ್ತುವಾದ ಕಾಂಪೋಸಿಟಿಗೆ ಹಿಡಿತ ಸಾಕಷ್ಟು ಸಿಗುತ್ತದೆ. ಪೋಸ್ಟ್ (ಆಧಾರಕ್ಕೆ ನಾಳದೊಳಗೆ ಕೂರಿಸುವ ಕಡ್ಡಿ) ಅನಿವಾರ್ಯವಾದರೆ ಹಿಂಬದಿಯ ನಾಳಕ್ಕೆ ಮಾತ್ರ ಹಾಕಿ, ಬಳಿಕ ಕ್ಯಾಪ್ ಕೂರಿಸಿ. ಆರು ತಿಂಗಳಿಗೂ ವರ್ಷಕ್ಕೂ ಮತ್ತೆ ಎಕ್ಸ್-ರೇ ತೆಗೆದು, ಬೇರಿನ ತುದಿಯ ಜೊತೆಗೆ ತೋಡಿನ ಪಕ್ಕದ ಮೂಳೆಯನ್ನೂ ಪರೀಕ್ಷಿಸಿ.