ಅಜ್ಜಿಯ ಬೇಳೆ ಬೆಂದ ದಿನ

ತಾರಸಿ ಮೇಲೆ ಸೋಲಾರ್ ಫಲಕ ಕೂರಿಸಿ, ಮನೆಯ ಲೈಟು, ಫ್ಯಾನುಗಳನ್ನು ಬ್ಯಾಟರಿಗೆ ಜೋಡಿಸಿದ ವಾರವೇ ಎದುರುಮನೆ ಅಜ್ಜಿ ಬಾಗಿಲಿಗೆ ಬಂದರು. "ಬಿಲ್ ಕಟ್ಟೋಕೆ ಕಷ್ಟ ಆಯ್ತೇನಮ್ಮಾ? ಒಂದು ಮಾತು ಹೇಳಬಾರದಿತ್ತಾ?" ಅಂದರು. ಚಿತ್ರದುರ್ಗದ ನಮ್ಮ ಬೀದಿಯಲ್ಲಿ ಎಲ್ಲರೂ ಹಾಗೇ ಅಂದುಕೊಂಡಿದ್ದರು. ಕಂಬದ ಕರೆಂಟು ಬೇಡ ಅಂದರೆ ಮನೆಯಲ್ಲಿ ಏನೋ ತಾಪತ್ರಯ ಇರಬೇಕು ಅಂತ.

ನಾನು ಲೆಕ್ಕ ಹೇಳುತ್ತಿದ್ದೆ. 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯಲ್ಲಿ 1800 ವ್ಯಾಟ್-ಅವರ್ ಇರುತ್ತದೆ, ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಬೇಗ ಹಾಳಾಗುತ್ತದೆ. ಹಳೇ ಫ್ಯಾನಿಗೆ 75 ವ್ಯಾಟ್ ಬೇಕಿತ್ತು, ಕಡಿಮೆ ಕರೆಂಟು ತಿನ್ನುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನಿಗೆ 30 ಸಾಕು. ಮಿಕ್ಸಿಗೆ, ಇಸ್ತ್ರಿಪೆಟ್ಟಿಗೆಗೆ ಈಗಲೂ ಕಂಬದ ಕರೆಂಟೇ. ಎಲ್ಲರೂ ತಲೆಯಾಡಿಸಿ ಹೋಗುತ್ತಿದ್ದರು, ಅಷ್ಟೇ.

ಜನರ ಮನಸ್ಸು ತಿರುಗಿದ್ದು ನೀರಿನಿಂದ. ನಮ್ಮ ಬೋರ್ ನೀರು ಗಡಸು. ಪಾತ್ರೆಗೆ ಬಿಳಿ ಕಟ್ಟುತ್ತದೆ, ತೊಗರಿಬೇಳೆ ಎಷ್ಟು ಹೊತ್ತಾದರೂ ಬೇಯುವುದಿಲ್ಲ. ಜಿಲ್ಲೆಯ ಎಷ್ಟೋ ಕಡೆ ಫ್ಲೋರೈಡ್ ಕಾಟವೂ ಇದೆ. ಅದಕ್ಕೇ 1000 ಚದರಡಿ ತಾರಸಿಯ ಮಳೆನೀರನ್ನು ಪೈಪಿನಲ್ಲಿ ಇಳಿಸಿದೆ. ಮೊದಲ ಮಳೆಯ ಕೊಳೆ ಹೊರಗೆ ಬಿಡಲು ಬೇರೆ ವಾಲ್ವ್. ಉಳಿದದ್ದು ಜಲ್ಲಿ, ಮರಳು, ಇದ್ದಿಲು ದಾಟಿ ಸಂಪಿಗೆ ಹೋಗುತ್ತದೆ. ಬರೀ 10 ಮಿಲಿಮೀಟರ್ ಮಳೆಗೆ ತಾರಸಿ ಮೇಲೆ ಸುಮಾರು 900 ಲೀಟರ್ ಬೀಳುತ್ತದೆ! ಕುಡಿಯೋಕೆ ಕಾಯಿಸಿ ಆರಿಸುತ್ತೇವೆ.

ಮೊದಲ ವರ್ಷ ಸಂಪಿನ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಸೊಳ್ಳೆ ಹುಟ್ಟಿಕೊಂಡವು. ಅಕ್ಕಪಕ್ಕದವರು ಬೇಸರ ಮಾಡಿಕೊಂಡರು, ಅದು ನ್ಯಾಯವೇ. ಸಂದು ಬಿಡದಂತೆ ಮುಚ್ಚಿ, ಪೈಪುಗಳ ಬಾಯಿಗೆ ಸಣ್ಣ ಜಾಲರಿ ಕಟ್ಟಿದೆ.

ಆಮೇಲೊಂದು ದಿನ ಒಂದು ಬಿಂದಿಗೆ ಮಳೆನೀರು ಕೊಟ್ಟು, "ಇದರಲ್ಲಿ ಬೇಳೆ ಇಡಿ ಅಜ್ಜಿ" ಅಂದೆ. ಸಂಜೆ ಅವರೇ ಬಂದರು. "ಬೆಣ್ಣೆ ಹಂಗೆ ಬೆಂದೈತಮ್ಮಾ. ಕೋಟೆ ಹೊಂಡಗಳಿಗೂ ಹಿಂಗೇ ಅಲ್ವಾ ನೀರು ಬರೋದು?"

ಹೌದಲ್ವಾ! ಗುಡ್ಡದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ, ಅಕ್ಕ-ತಂಗಿ ಹೊಂಡಕ್ಕೆ ಬಂದು, ಕೆಳಗೆ ಊರಿನ ಸಂತೆಹೊಂಡದವರೆಗೂ ಇಳಿಯುವಂತೆ ಹಿಂದಿನವರು ಕಟ್ಟಿದ್ದಾರೆ. ನಾನು ವ್ಯಾಟ್ ಲೆಕ್ಕ ಹೇಳುವ ಬದಲು ಮೊದಲೇ ಕೋಟೆ ತೋರಿಸಬೇಕಿತ್ತು. ಅಂದಿನಿಂದ ಯಾರು ಕೇಳಿದರೂ ಹೊಂಡದಿಂದಲೇ ಮಾತು ಶುರು ಮಾಡುತ್ತೇನೆ.

ಸೋಲಾರ್‌ಗೆ ಬೀದಿಯಲ್ಲಿ ಇನ್ನೂ ಯಾರೂ ಮನಸ್ಸು ಮಾಡಿಲ್ಲ. ಆದರೆ ಮೂರು ತಾರಸಿಗಳಿಂದ ಮಳೆನೀರಿನ ಪೈಪು ಇಳಿದಿದೆ. ಅಜ್ಜಿ ಮನೆಯ ಸಂಪಿಗೆ ಜಾಲರಿ ಕಟ್ಟಿದ್ದು ನಾನೇ.