ಮಳೆಗಾಲದಲ್ಲಿ ಟ್ಯಾಂಕಿನ ತಳ ನೋಡಿ
ಬಜ್ಪೆಯಲ್ಲಿ ಸಣ್ಣ ವಿಮಾನ ನಿಲ್ಲಿಸುವವರಿಗೆ ಒಂದು ಮಾತು. ನಮ್ಮ ಮಳೆ ಗೊತ್ತಲ್ವಾ? ಟ್ಯಾಂಕ್ ಮುಚ್ಚಳದ ರಬ್ಬರ್ ರಿಂಗ್ ಸ್ವಲ್ಪ ಬಿರುಕು ಬಿಟ್ಟರೂ ಸಾಕು, ನೀರು ಒಳಗೆ. ಹಾರುವ ಮೊದಲು ಟ್ಯಾಂಕಿನ ತಳದ ಪ್ರತಿ ಡ್ರೇನ್‌ನಿಂದಲೂ ಸ್ವಲ್ಪ ಇಂಧನವನ್ನು ಪಾರದರ್ಶಕ ಕಪ್‌ಗೆ ತೆಗೆದು ಬೆಳಕಿಗೆ ಹಿಡಿಯಿರಿ. ಸಣ್ಣ ವಿಮಾನಗಳ ಪೆಟ್ರೋಲ್ ಆದ 100 ಎಲ್‌ಎಲ್‌ನ ಬಣ್ಣ ನೀಲಿ. ನೀರು ಭಾರ, ತಳದಲ್ಲಿ ಗುಳ್ಳೆಯ ಹಾಗೆ ಕೂರುತ್ತದೆ. ಒಮ್ಮೆ ನನ್ನ ಕಪ್‌ನಲ್ಲಿ ನೀರು-ಇಂಧನ ಬೇರೆಯಾಗುವ ಗೆರೆಯೇ ಕಾಣಲಿಲ್ಲ, ಖುಷಿಪಟ್ಟೆ. ಮೂಸಿದರೆ ವಾಸನೆಯೇ ಇಲ್ಲ, ಪೂರ್ತಿ ನೀರು! ಹಾಗಾಗಿ ಬಣ್ಣವನ್ನೂ ನೋಡಿ.

ಕಡಲ ಮೇಲೆ ಹೋಗುವುದಾದರೆ ಲೈಫ್ ಜಾಕೆಟ್ ಮೈಮೇಲಿರಲಿ, ಸೀಟಿನ ಹಿಂದೆ ಸುಮ್ನೆ ಬಿದ್ದಿದ್ದರೆ ಏನು ಪ್ರಯೋಜನ? ಗಾಳಿ ತುಂಬುವುದು ಮಾತ್ರ ಹೊರಗೆ ಬಂದ ಮೇಲೆ. ಇಎಲ್‌ಟಿ (ಅಪಘಾತವಾದರೆ ವಿಮಾನ ಎಲ್ಲಿದೆ ಎಂದು ಸಂಕೇತ ಕಳಿಸುವ ಸಾಧನ) ಹಳೆಯ 121.5 ಮೆಗಾಹರ್ಟ್ಸ್‌ನದಾದರೆ ಬದಲಿಸಿ. 2009ರಿಂದ ಉಪಗ್ರಹಗಳು ಅದನ್ನು ಕೇಳಿಸಿಕೊಳ್ಳುತ್ತಿಲ್ಲ, 406 ಮೆಗಾಹರ್ಟ್ಸ್‌ನದು ಬೇಕು.